ಘಾಟು ಬಾರದ ಮೆಣಸಿನಕಾಯಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಊಟ ಬಿಟ್ಟ ಮಗುವಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು ನೋಡಿ, ಆ ಘಾಟು ಕಿಟಕಿಯಲ್ಲಿ ನುಗ್ಗಿ ನನ್ನನ್ನು ಕೆಮ್ಮಿಸಿ ಹಾಕಿತು. ಕೆಮ್ಮು ನಿಂತರೂ ಜೋಸೆಫ್‌ನ ನೆನಪು ನಿಲ್ಲಲಿಲ್ಲ.

ಟಾಂಜಾನಿಯಾದಿಂದ ಓದಲು ಬಂದು, ಕೃಷ್ಣಮೂರ್ತಿಪುರಂನ ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗ. ಹಾಲು ತರಲು ಹೊರಟರೂ ಬೀದಿಗೆ ಬೀದಿಯೇ ನಿಂತು ಅವನ ಕಪ್ಪು ಮೈ ನೋಡುತ್ತಿತ್ತು. "ಹುಡ್ಗೀರ್ನ ಕರ್ಕೊಂಡ್ ಬರ್ಬಾರ್ದು ಕಣಪ್ಪ" ಎಂದು ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದೆ. ಒಬ್ಬಳೂ ಬರಲಿಲ್ಲ. ಇಂಥ ಬಾಡಿಗೆದಾರ ಇಡೀ ಮೈಸೂರಲ್ಲಿಲ್ಲ ಎಂದು ಡಂಗುರ ಹೊಡೆದೆ. ವಿದ್ಯಾರಣ್ಯಪುರಂನಿಂದ ದಿನಾ ಬರುತ್ತಿದ್ದ ಅವನ ಗೆಳೆಯ ಸುರೇಶನಿಗೆ ನಾನೇ ಕಾಫಿ ಕೊಡುತ್ತಿದ್ದೆ. ಎಂಥ ಜಾಣೆ ನೋಡಿ!

ಸುರೇಶನಿಗೆ ಮನೆಯವರು ಮದುವೆ ಮಾಡಿದರು. ಅವನು ಬರುವುದು ನಿಂತಿತು. ಜೋಸೆಫ್ ಊಟ ಬಿಟ್ಟ, ಸ್ನಾನ ಬಿಟ್ಟ, ಕಾಲೇಜೂ ಬಿಟ್ಟ. ಡಾಕ್ಟರ ಹತ್ತಿರ ಕರೆದೊಯ್ದರೆ, ಅವರು ಎದುರಿಗೇ ಕೂತವನನ್ನು ಬಿಟ್ಟು ನನ್ನನ್ನು ಕೇಳಿದರು: "ಏನೇನ್ ನಶೆ ಮಾಡ್ತಾನೆ?"

ನನಗೆ ಮೈಯೆಲ್ಲ ಉರಿಯಿತು. "ಕಾಫೀನೂ ಕುಡಿಯಲ್ಲ ಕಣ್ರೀ!" ಎಂದು ರೇಗಿ, ಅವನನ್ನು ಎಬ್ಬಿಸಿಕೊಂಡು ಬಂದುಬಿಟ್ಟೆ. ಬಂದದ್ದೇನೋ ಸರಿ, ಇನ್ನೊಬ್ಬ ಡಾಕ್ಟರನ್ನು ಹುಡುಕಬೇಕಿತ್ತು. ನಾನು ಹುಡುಕಿದ್ದು ಮೆಣಸಿನಕಾಯಿ.

"ಊರೋರ್ ಕಣ್ಣೆಲ್ಲ ನಿನ್ ಮೇಲೇ ಕಣೋ" ಎಂದು ನಿವಾಳಿಸಿ ಕೆಂಡಕ್ಕೆ ಹಾಕಿದೆ. ಕರಕಲಾದರೂ ಘಾಟೇ ಇಲ್ಲ. ದೃಷ್ಟಿ ಜೋರಾಗಿದ್ದರೆ ಹಾಗಂತೆ.

ಅವನು ತನ್ನ ಹರಕು ಕನ್ನಡದಲ್ಲಿ ಹೇಳಿದ: "ಆಂಟಿ, ನಾನು ಸುರೇಶ್‌ನ ಪ್ರೀತಿ ಮಾಡ್ದೆ. ಅಮ್ಮಂಗೆ ಹೇಳ್ಬೇಡಿ. ಯಾವತ್ತೂ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅನ್ನ ಕಲೆಸಿ ಕೈತುತ್ತು ಹಾಕಿದೆ. ಒಂದೆರಡು ತುತ್ತು ತಿಂದ.

ಓದು ಅರ್ಧಕ್ಕೇ ಬಿಟ್ಟು ಊರಿಗೆ ಹೋದ. ಕೆಲವು ತಿಂಗಳ ಮೇಲೆ ಅವನ ತಾಯಿಯ ಫೋನ್ ಬಂತು. ಮಗ ತನ್ನ ಜೀವ ತಾನೇ ತೆಗೆದುಕೊಂಡಿದ್ದ. ಅವರ ಇಂಗ್ಲಿಷೂ ಅಷ್ಟಕ್ಕಷ್ಟೇ, ನನ್ನದೂ ಅಷ್ಟಕ್ಕಷ್ಟೇ. ಅಳುತ್ತ ಕೇಳಿದ್ದು ಮಾತ್ರ ಚೆನ್ನಾಗಿ ತಿಳಿಯಿತು: ನಿಮ್ಮೂರಲ್ಲಿ ನನ್ನ ಮಗನಿಗೆ ಯಾರದಾದರೂ ಕೆಟ್ಟ ಕಣ್ಣು ಬಿತ್ತೇ?

ಹೌದು, ಬಿದ್ದಿತ್ತು ಎಂದೆ. ಆ ತಾಯಿ ಇವತ್ತಿಗೂ ನಮ್ಮೂರನ್ನು ಶಪಿಸುತ್ತಿರಬಹುದು. ಶಪಿಸಲಿ.

"ತುಂಬಾ ಘಾಟಾಯ್ತಾ ಆಂಟಿ?" ಪಕ್ಕದ ಮನೆಯ ಹುಡುಗಿ ತನ್ನ ಮಗು ಎತ್ತಿಕೊಂಡು ಕಾಂಪೌಂಡಿನಾಚೆ ನಿಂತು ಕೇಳಿದಳು.

"ಆಗ್ಲಿ ಬುಡು ಕಣಮ್ಮ. ಮಗು ಯಾಕ್ ಊಟ ಬಿಟ್ಟಿದೆ ಅಂತ ಡಾಕ್ಟರ್‌ಗೆ ತೋರ್ಸು. ಅವ್ರು ಸರಿಯಾಗ್ ನೋಡ್ದಿದ್ರೆ ಎದ್ದು ಮನೇಗ್ ಬರ್ಬೇಡ, ಇನ್ನೊಬ್ರ್ ಹತ್ರ ಹೋಗು."