ಹತ್ತಿ ಕೂರಲು ಮೈಭಾರ ಬೇಕು

ಅಳತೆಯ ಟೇಪು ಹಿಡಿದು ಹಿಂದೆ ಹಿಂದೆ ನಡೆಯುತ್ತಿದ್ದ ಇನ್‌ಸ್ಪೆಕ್ಟರ್ ಹತ್ತಿಯ ರಾಶಿಯ ಮೇಲೆ ಅಂಗಾತ ಬಿದ್ದರು. ನಗರ ಯೋಜನಾ ಕಚೇರಿಯಿಂದ ಈ ಹಾಸಿಗೆ ಹೊಲಿಯುವ ಶೆಡ್ಡಿಗೆ ಬೀಗಮುದ್ರೆ ಹಾಕಲು ಬಂದವರು ಅವರು. ಬಿದ್ದದ್ದಕ್ಕಿಂತ ಏಳಲಾಗದ್ದೇ ದೊಡ್ಡ ಅವಮಾನ. ಕಾಲೂರಿದಷ್ಟೂ ಹತ್ತಿ ಒಳಗೆಳೆಯಿತು. ಹೊಟ್ಟೆ ಮಾತ್ರ ಸರ್ಕಾರದ ಪರವಾಗಿ ಮೇಲೆ ಉಳಿಯಿತು. ಕೊನೆಗೆ, ಯಾರನ್ನು ಹೊರಹಾಕಲು ಬಂದಿದ್ದರೋ ಆ ಮುದಿ ಹಮಾಲನೇ ಕೈಹಿಡಿದು ಎತ್ತಿದ.

"ಅದಿನ್ನೂ ಹಿಂಜಿಲ್ಲ ಸಾರ್, ಗಂಟುಗಂಟಾಗಿದೆ. ಸೊಂಟ ಉಳುಕಿಲ್ಲ ತಾನೆ?" ಎಂದಳು ಹಾಸಿಗೆಯಕ್ಕ, ಹೊಲಿಗೆಯಿಂದ ತಲೆಯೆತ್ತದೆ.

ಮದುವೆಯಾಗಿ ಬಂದಾಗ ಅತ್ತೆ ಆಕೆಯ ಕೈಗೆ ಕೊಟ್ಟದ್ದು ಗೇಣುದ್ದದ ಸೂಜಿ, ಹೇಳಿದ್ದು ಒಂದೇ ಕಟ್ಟಳೆ: ಹೊಸ ಹಾಸಿಗೆಯ ಮೇಲೆ ಯಾರಾದರೂ ಕೆಲವು ದಿನ ಮಲಗಿ, ಹೊರಳಾಡಿ, ಹತ್ತಿ ಸಮವಾಗಿ ಕೂತ ಮೇಲೆಯೇ ಕೊನೆಯ ಹೊಲಿಗೆ. ಇಲ್ಲದಿದ್ದರೆ ಗಿರಾಕಿಯ ಬೆನ್ನಡಿ ಗುಡ್ಡವೇಳುತ್ತದೆ, ಅವನು ಹಾಸಿಗೆ ಹೊತ್ತುಕೊಂಡು ಬೈಯಲು ಬರುತ್ತಾನೆ. ಆಗ ಮನೆ ತುಂಬ ಜನ. ಮೈದುನರೂ ನಾದಿನಿಯರೂ ಈ ಕೆಲಸಕ್ಕಾಗಿ ಜಗಳವಾಡುತ್ತಿದ್ದರು. ಆಮೇಲೆ ಅತ್ತೆ ತೀರಿಕೊಂಡರು, ಮೈದುನರು ಬೇರೆಯಾದರು, ನಾದಿನಿಯರು ಗಂಡನ ಮನೆ ಸೇರಿದರು, ಗಂಡನೂ ಹೋದ. ಒಂದು ಮೈ ಎಷ್ಟು ಹಾಸಿಗೆಯ ಮೇಲೆ ಹೊರಳೀತು? ಬಾಗಿಲ ಮುಂದೆ ಗೋಣಿ ಹೊದ್ದು ನಡುಗುತ್ತಿದ್ದ ಹಮಾಲನನ್ನು ಕರೆದಳು. "ಅಜ್ಜಾ, ಒಳಗೆ ಬಂದು ಬಿದ್ಕೋ. ಆದ್ರೆ ಒಂದೇ ಮಗ್ಗುಲಲ್ಲಿ ಮಲಗಿ ನನ್ನ ಹಾಸಿಗೆ ಹಾಳು ಮಾಡ್ಬೇಡ." ಅಜ್ಜ ತನ್ನಂತೆಯೇ ಸೂರಿಲ್ಲದವರನ್ನೆಲ್ಲ ಒಬ್ಬೊಬ್ಬರಾಗಿ ಕರೆತಂದ. ಪಕ್ಕದ ಬೀದಿಯ ಬಂಗಲೆಯವರು ದೂರು ಕೊಟ್ಟರು.

"ಇದು ಕೈಗಾರಿಕಾ ವಲಯ ಕಣಮ್ಮ," ಇನ್‌ಸ್ಪೆಕ್ಟರ್ ಮೀಸೆಯ ಮೇಲಿನ ಹತ್ತಿಯನ್ನು ಉಫ್ ಎಂದು ಊದಿದರು. "ಇಲ್ಲಿ ಕೆಲಸ ಮಾಡಬಹುದು, ವಾಸ ಮಾಡೋ ಹಾಗಿಲ್ಲ. ಇಂಥವರಿಗೆ ಜಾಗ ಬೇಕಂದ್ರೆ ಬೇರೆ ಕಡೆ ನೋಡಿ."

"ಎಲ್ಲಿ ನೋಡ್ಲಿ? ಮನೆಗಳಿರೋ ಕಡೆ?"

"ಅಲ್ಲಿ ನೆರೆಹೊರೆಯವರ ಒಪ್ಪಿಗೆ ಬೇಕು."

"ಅಂಗಡಿ ಬೀದೀಲಿ?"

"ಅಲ್ಲಿ ಹಾಸಿಗೆಗೊಂದು ಕಾರು ನಿಲ್ಲಿಸೋ ಜಾಗ ತೋರಿಸ್ಬೇಕು."

ಹಾಸಿಗೆಯಕ್ಕ ಹಮಾಲನತ್ತ ತಿರುಗಿದಳು. "ಅಜ್ಜಾ, ನಿನ್ನ ಕಾರು ಎಲ್ಲಿ ನಿಲ್ಲಿಸಿದ್ದೀಯೋ?"

"ತೊಳೆಯೋಕೆ ಕೊಟ್ಟಿದ್ದೀನಕ್ಕ."

ಇನ್‌ಸ್ಪೆಕ್ಟರಿಗೆ ಬಂದ ನಗುವನ್ನು ಹುದ್ದೆ ನುಂಗಿತು. ಶಾಲೆ, ಉದ್ಯಾನ, ಆಸ್ಪತ್ರೆಗಳಿಂದ ದೂರವಿರಬೇಕೆಂಬ ನಿಯಮವನ್ನೂ ಸೇರಿಸಿದರೆ ಊರಿನ ನಕ್ಷೆಯಲ್ಲಿ ಉಳಿಯುವುದು ಕೆರೆಯ ನಡುಭಾಗ ಮಾತ್ರ ಎಂಬುದು ಅವರಿಗೆ ಗೊತ್ತಿತ್ತು. ನಕ್ಷೆಗೆ ಬಣ್ಣ ಹಚ್ಚಿದವರು ಅವರೇ. ಉದ್ಯಾನಗಳ ಹಸಿರು ಚೆನ್ನಾಗಿ ಬಂದಿದೆಯೆಂದು ಹೆಂಡತಿಗೂ ತೋರಿಸಿದ್ದರು. ಹೊರಗೆ ಸಂಜೆಯ ಚಳಿಮಳೆ ಶುರುವಾಗಿತ್ತು. ಬೀಗ ಬಿದ್ದರೆ ಇವರೆಲ್ಲ ಆ ಮಳೆಗೆ.

"ಮೇಲಿನವರಿಗೆ ನಾನೇನು ಹೇಳ್ಲಿ?"

"ಇದ್ದದ್ದು ಹೇಳಿ. ಕೆಲಸ ಮಾತ್ರ ನಡೀಬೇಕು ಅಂದ್ರಲ್ಲ, ನಡೀತಿರೋದು ಕೆಲಸಾನೇ. ಹತ್ತಿ ಹಿಂಜೋದು ನಾನು, ಕೂರಿಸೋದು ಇವರು. ಬೀಗ ಹಾಕೋದಾದ್ರೆ ನನ್ನನ್ನೂ ಒಳಗೇ ಬಿಟ್ಟು ಹಾಕಿ. ಸೂಜಿ ಕೆಳಗಿಡೋಳಲ್ಲ ನಾನು."

ದಿನವಿಡೀ ಮೂಟೆ ಹೊತ್ತವರು, ಪಾತ್ರೆ ತೊಳೆದವರು ಸಾಲಾಗಿ ಮಲಗಿದ್ದರು. ಮೂಲೆಯಲ್ಲೊಬ್ಬ ಕಿಟಕಿಯ ಗಾಜು ನಡುಗುವಂತೆ ಗೊರಕೆ ಹೊಡೆಯುತ್ತಿದ್ದ. ಅರಗು, ಬೀಗ ಇದ್ದ ಚೀಲಕ್ಕೆ ಕೈಹಾಕಿದ ಇನ್‌ಸ್ಪೆಕ್ಟರ್ ಅವನತ್ತ ಬೆರಳು ತೋರಿಸಿ ದನಿಯೇರಿಸಿದರು.

"ಅಲ್ಲಮ್ಮಾ, ಅವನು ಮಾಡ್ತಿರೋದೂ ಕೆಲಸಾನಾ?"

ಹಾಸಿಗೆಯಕ್ಕ ದಾರವನ್ನು ಹಲ್ಲಿನಿಂದ ಕಡಿದಳು.

"ಸ್ವಲ್ಪ ಮೆತ್ತಗೆ ಮಾತಾಡಿ ಸಾರ್, ಕೆಲಸದವರಿಗೆ ತೊಂದ್ರೆ ಆಗುತ್ತೆ."