ಜಾಡಿಯಲ್ಲಿ ಬಾಯಿ ತೆರೆದ ಹುಳು

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ನಂಬಿದವಳಲ್ಲ. ಯಾರಾದರೂ ಅಂಥ ಕತೆ ಶುರುಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದೆ. ಕಾರವಾರದ ನಮ್ಮ ಮನೆಯಲ್ಲಿ ಇದಕ್ಕಾಗಿ ಸಾಕಷ್ಟು ಬೈಸಿಕೊಂಡಿದ್ದೇನೆ. ಪ್ರಾಣಿಶಾಸ್ತ್ರ ಓದಿದ ಮೇಲಂತೂ ಸತ್ತದ್ದು ಸತ್ತಿತು, ಅದರಲ್ಲಿ ಮತ್ತೇನಿದೆ ಎನ್ನುವ ಗಟ್ಟಿತನ ಬಂದುಬಿಟ್ಟಿತ್ತು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಗಂಡನ ಸಾಫ್ಟ್‌ವೇರ್ ಕೆಲಸದ ದೆಸೆಯಿಂದ ನಾವು ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಮನೆ ಮಾಡಿದ್ದೆವು. ನಾನು ಕೋಠಿಯ ಹತ್ತಿರ ಒಂದು ಖಾಸಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಹೇಳುತ್ತಿದ್ದೆ. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ಕಾಲ ಅದು. ನಮ್ಮ ಬೆಂಚುಗಳು ವರ್ಷ ವರ್ಷ ಖಾಲಿಯಾಗುತ್ತ ಬಂದು, ಕೊನೆಗೆ ವಿಭಾಗವನ್ನೇ ಮುಚ್ಚಿ ಆ ಜಾಗದಲ್ಲಿ ಕಂಪ್ಯೂಟರ್ ಲ್ಯಾಬ್ ಮಾಡುವುದೆಂದು ತೀರ್ಮಾನವಾಯಿತು.

ವಿಭಾಗದ ಮುಖ್ಯಸ್ಥರು ವೀರಭದ್ರಪ್ಪ ಸರ್, ರಾಯಚೂರಿನವರು. ಇಡೀ ಕಾಲೇಜಿನಲ್ಲಿ ನನ್ನೊಂದಿಗೆ ಕನ್ನಡ ಮಾತಾಡುತ್ತಿದ್ದವರು ಅವರೊಬ್ಬರೇ. ಸಮುದ್ರದ ಗಾಳಿಯೂ ಸುಳಿಯದ ಊರುಗಳಲ್ಲೇ ಬಾಳಿದ ಈ ಮನುಷ್ಯನಿಗೆ ಕಡಲಿನ ಬಿರುಗೂದಲ ಹುಳುಗಳ ಹುಚ್ಚು. ಎರೆಹುಳುವಿನ ದೂರದ ನೆಂಟರು ಇವು. ಮೈಯೆಲ್ಲ ಉಂಗುರ ಉಂಗುರ, ಪ್ರತಿ ಉಂಗುರದ ಎರಡೂ ಬದಿಗೆ ದೋಣಿಯ ಹುಟ್ಟಿನಂಥ ಪುಟ್ಟ ಕಾಲು, ಆ ಕಾಲಿನ ತುದಿಗೆ ಬಿರುಗೂದಲಿನ ಕಟ್ಟು. ತಲೆಯ ಮೇಲೆ ನಾಲ್ಕು ಕಣ್ಣು. ಇಷ್ಟು ನೋಡಿದರೆ ಕುಟುಂಬ ತಿಳಿಯುತ್ತದೆ, ಪ್ರಭೇದ ತಿಳಿಯುವುದಿಲ್ಲ. ಅದರ ಗುರುತು ಇರುವುದು ಗಂಟಲಿನಲ್ಲಿ. ಹುಳು ಬೇಟೆಗೆ ಬಾಯಿ ಹಾಕುವಾಗ, ಕಾಲುಚೀಲದ ಒಳಮಗ್ಗುಲನ್ನು ಹೊರಗೆ ಮಾಡಿದಂತೆ, ಗಂಟಲನ್ನೇ ಹೊರಗೆ ಚಾಚುತ್ತದೆ. ತುದಿಯಲ್ಲಿ ಕೊಕ್ಕೆಯಂಥ ಎರಡು ದವಡೆ, ಅದರ ಹಿಂದೆ ಎರಡು ಪಟ್ಟಿಗಳಲ್ಲಿ ಸಣ್ಣ ಕಪ್ಪು ಹಲ್ಲುಗಳು. ಆ ಹಲ್ಲುಗಳ ಜೋಡಣೆ ನೋಡಿ ಹುಳುವಿನ ಹೆಸರು ಹೇಳಬೇಕು.

ಸರ್ ಹಿಂದೊಮ್ಮೆ ಹುಡುಗರನ್ನು ಕಾರವಾರಕ್ಕೆ ಪ್ರವಾಸ ಕರೆದೊಯ್ದಾಗ ಬಂಡೆಯ ಸಂದಿಯಲ್ಲಿ ಒಂದು ಹುಳು ಸಿಕ್ಕಿತ್ತಂತೆ. ಅಂಥದನ್ನು ಅವರು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಯಾರೂ ಹೆಸರಿಡದ ಹುಳು ಇರಬಹುದೆಂದು ಅವರಿಗೆ ಆಸೆ. ಇಂಥ ಹುಳುವನ್ನು ಮೊದಲು ಕಡಲ ನೀರಿನಲ್ಲಿಟ್ಟು, ನಿಧಾನವಾಗಿ ಅಮಲು ಬರಿಸಿ, ಮೈ ಸಡಿಲಾದ ಮೇಲಷ್ಟೇ ಕೆಡದಂತೆ ಕಾಪಿಡುವ ಫಾರ್ಮಲಿನ್‌ಗೆ ಹಾಕಬೇಕು. ಬಸ್ಸಿನವನು ಹಾರ್ನ್ ಹೊಡೆದು ಅವಸರ ಮಾಡಿದನೆಂದು ಇವರು ಜೀವಂತ ಹುಳುವನ್ನೇ ಹಾಕಿಬಿಟ್ಟರು. ಅದು ಗಂಟಲನ್ನು ಒಳಗೆಳೆದುಕೊಂಡು ಕಡ್ಡಿಯಂತೆ ಸೆಟೆದುಹೋಯಿತು. ಇನ್ನು ಕೊಯ್ದೇ ನೋಡಬೇಕು. ಇದ್ದದ್ದು ಒಂದೇ ಒಂದು. ಕೈ ತಪ್ಪಿದರೆ ಎಲ್ಲ ಮುಗಿಯಿತು. "ನನ್ನ ಮ್ಯಾಲ ಸಿಟ್ಟು ಮಾಡ್ಕೊಂಡು ಬಾಯಿ ಮುಚ್ಚೈತಿ ನೋಡ್ರಿ ಮೇಡಂ," ಎಂದು ನಗುತ್ತಿದ್ದರು. ಆ ನಗು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಕಪಾಟುಗಳನ್ನು ಹೊರಗೆ ಸಾಗಿಸುವ ದಿನ ಸರ್ ಅಂತೂ ಮನಸ್ಸು ಗಟ್ಟಿಮಾಡಿದರು. "ಇವತ್ತು ಕೊಯ್ದ ಬಿಡೂಣ್ರಿ. ನಾಳೆ ಸೂಕ್ಷ್ಮದರ್ಶಕಾನೂ ಇರೂದಿಲ್ಲ," ಎಂದರು. ಜಾಡಿಯನ್ನು ಕಿಟಕಿಯ ಪಕ್ಕದ ಮೇಜಿಗೆ ತಂದು, ಟ್ರೇ, ಹೊಸ ಬ್ಲೇಡು ಅಣಿಮಾಡಿ ಕೈ ತೊಳೆಯಲು ಹೋದರು. ನಡುಮಧ್ಯಾಹ್ನ. ಕೆಳಗೆ ಬಸ್ಸು, ಆಟೋಗಳ ಗದ್ದಲ. ಹೆದರುವಂಥ ಹೊತ್ತೂ ಅಲ್ಲ, ಜಾಗವೂ ಅಲ್ಲ.

ನಾನು ಸುಮ್ಮನೆ ಜಾಡಿಯ ಕಡೆ ನೋಡಿದೆ. ಹುಳು ಗಂಟಲು ಚಾಚಿತ್ತು. ಚಾಚುವುದನ್ನು ನಾನು ನೋಡಲಿಲ್ಲ, ಆಗಲೇ ಚಾಚಿಕೊಂಡಿತ್ತು. ಕಂದು ಬಣ್ಣದ ದವಡೆಗಳೆರಡೂ ಅಗಲವಾಗಿ ತೆರೆದಿದ್ದವು, ಹಿಂದೆ ಕಪ್ಪಗೆ ಹಲ್ಲುಗಳಿದ್ದವು. ಜಾಡಿಯ ದ್ರವ ಅಲುಗುತ್ತಿರಲಿಲ್ಲ. ಮೈ ಜುಮ್ಮೆಂದಿತು ನಿಜ, ಆದರೆ ಆ ಗಳಿಗೆ ನನಗೆ ಹೆದರಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ಮಸೂರ ಕೈಗೆಟುಕುವಲ್ಲೇ ಇತ್ತು. ನಾನು ಮುಟ್ಟಲಿಲ್ಲ. ಇದನ್ನು ಮೊದಲು ನೋಡಬೇಕಾದ ಕಣ್ಣು ನನ್ನದಲ್ಲ ಎಂದುಕೊಂಡು ಸರ್ ಅನ್ನು ಕೂಗುತ್ತ ಹೊರಗೆ ಓಡಿದೆ.

ಅವರು ಒದ್ದೆ ಕೈಯಲ್ಲೇ ಬಂದರು. ಹುಳು ಎಂದಿನಂತೆ ಬಾಯಿ ಮುಚ್ಚಿಕೊಂಡು ಸೆಟೆದು ಮಲಗಿತ್ತು.

ನಗುತ್ತಾರೆ, ಇಲ್ಲವೇ ರೇಗುತ್ತಾರೆ ಅಂದುಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತ, "ತಲಿ ಕಡೀ ಪಟ್ಟಿ ಮ್ಯಾಲ ಹಲ್ಲು ಹೆಂಗಿದ್ದುವ್ರಿ? ಚುಕ್ಕಿನೋ, ಅಡ್ಡಗೆರಿನೋ?" ಎಂದು ಕೇಳಿದರು. ಅದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ನಾನು ಅಷ್ಟು ಗಮನಿಸಿರಲಿಲ್ಲ. ಇದ್ದದ್ದು ಇದ್ದಂತೆ ಹೇಳಿದೆ. "ಇರ್ಲಿ ಬಿಡ್ರಿ ತಂಗಿ," ಎಂದು ಅವರು ಬ್ಲೇಡನ್ನು ಮತ್ತೆ ಕಾಗದದಲ್ಲಿ ಸುತ್ತಿದರು. "ತಾನ ಬಾಯಿ ಬಿಡಾಕತ್ತೈತಿ ಅಂದಮ್ಯಾಲ ಯಾಕ ಕೊಯ್ಯೂದು? ಇನ್ನೊಮ್ಮೆ ಬಿಡತೈತಿ."

ಗಾಜಿನ ಮೇಲೆ ಬಿಸಿಲು ಬಿದ್ದು ನನ್ನ ಕಣ್ಣಿಗೇ ಹಾಗೆ ಕಂಡಿರಬಹುದು ಎಂದೆ. ಕೊಯ್ಯಿರಿ ಸರ್ ಎಂದು ಬೇಡಿಕೊಂಡೆ. ಕೇಳಲಿಲ್ಲ. ಕೆಲಸ ಬಿಟ್ಟು ರಾಯಚೂರಿನ ಮಗಳ ಮನೆಗೆ ಹೋಗುವಾಗ ಜಾಡಿಯನ್ನು ಮಡಿಲಲ್ಲಿಟ್ಟುಕೊಂಡೇ ಹೋದರು. ಫೋನ್ ಮಾಡಿದಾಗಲೆಲ್ಲ, ನಾನು ಕೇಳುವ ಮೊದಲೇ, "ಇನ್ನೂ ಇಲ್ರಿ," ಎನ್ನುತ್ತಿದ್ದರು. ವಿಶಾಖಪಟ್ಟಣದ ಗೆಳೆಯರೊಬ್ಬರು, ಇದೇ ಹುಳುಗಳಲ್ಲಿ ಕೈ ಪಳಗಿದವರು, ತಾವೇ ಬಂದು ಕೊಯ್ದುಕೊಡುತ್ತೇನೆಂದರೂ ಒಪ್ಪಲಿಲ್ಲವಂತೆ. ದೃಷ್ಟಿ ಮಂದವಾದ ಮೇಲೆ ಮಗಳನ್ನು ಕೂರಿಸಿ ನೋಡಿಸುತ್ತಿದ್ದರು. ಹಾಗೆ ಕಾಯುತ್ತಲೇ ತೀರಿಕೊಂಡರು.

ಆಮೇಲೆ ನಾನು ರಾಯಚೂರಿಗೆ ಹೋದಾಗ ಮಗಳು ಜಾಡಿ ತಂದು ತೋರಿಸಿದಳು. ಅವರ ಕಾಯಿಲೆಯ ಗಡಿಬಿಡಿಯಲ್ಲಿ ಯಾರೂ ಗಮನಿಸದೆ ಫಾರ್ಮಲಿನ್ ಆರಿಹೋಗಿ, ಹುಳು ತಳದಲ್ಲಿ ಪುಡಿಯಾಗಿತ್ತು. ಪುಡಿಯಲ್ಲಿ ಕಪ್ಪು ಕಣಗಳು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ಹಲ್ಲುಗಳೇ ಅವು. ಜೋಡಣೆ ಹೋದ ಮೇಲೆ ಅವುಗಳಿಂದ ಏನು ತಿಳಿಯಬೇಕು?

ಬಿಸಿಲು, ಗಾಜು, ಹಸಿದ ಹೊಟ್ಟೆ, ಎಲ್ಲ ಕಾರಣಗಳನ್ನೂ ಹೊಂದಿಸಿ ನೋಡಿದ್ದೇನೆ. ಯಾವುದೂ ಕೂಡುವುದಿಲ್ಲ. ಒಂದಂತೂ ನಿಜ. ನಾನು ಬಾಯಿ ಬಿಡದೆ ಇದ್ದಿದ್ದರೆ ಅವರಿಗೆ ಅವತ್ತೇ ಉತ್ತರ ಸಿಗುತ್ತಿತ್ತು. ಈ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ರಾಯಚೂರಿನ ಆ ಮನೆಯಿಂದ ಹೊರಡುವಾಗ ಮಗಳು ಬಾಗಿಲ ತನಕ ಬಂದು, "ಅಕ್ಕಾ, ಬ್ಯಾಸರ ಮಾಡ್ಕೋಬ್ಯಾಡ್ರಿ. ನೀವು ಅವತ್ತು ಖರೇನ ನೋಡಿದ್ರೇನ್ರಿ?" ಎಂದು ಕೇಳಿದಳು.

ನೋಡಿದೆ ಎಂದೆ. ಹಾಗೆ ಹೇಳುವಾಗ ಅವಳ ಮುಖ ನೋಡಲು ನನಗೆ ಆಗಲಿಲ್ಲ.