ಮಿತ್ಸುಯೊ ನಂಬದ ಕತ್ತಲೆ

ಟೋಕಿಯೊದ ನಮ್ಮ ಪ್ರಯೋಗಾಲಯದಲ್ಲಿ ಮಿತ್ಸುಯೊ ಸಾನ್‌ಗೆ ಹೆದರದವರಿಲ್ಲ. ಕುಳ್ಳಗಿನ ಹೆಂಗಸು, ಮಾತು ಕಮ್ಮಿ, ಹಟ ಮಾತ್ರ ಬೆಟ್ಟದಷ್ಟು. ವರ್ಷಗಟ್ಟಲೆ ಒದ್ದಾಡಿ ಒಂದು ದ್ರಾವಣ ಮಾಡಿದ್ದರು. ಕ್ಯಾನ್ಸರ್ ಕೋಶಗಳಲ್ಲಿ ಒಂದು ಕಿಣ್ವ ವಿಪರೀತ ಚುರುಕು. ದ್ರಾವಣ ಚಿಮುಕಿಸಿದರೆ ಆ ಕಿಣ್ವ ಅದರೊಳಗಿನ ಬಣ್ಣದ ಕಟ್ಟು ಬಿಚ್ಚುತ್ತದೆ. ನೀಲಿ ಬೆಳಕು ಬಿಟ್ಟರೆ ಆ ಜಾಗ ಹಸಿರಾಗಿ ಹೊಳೆಯುತ್ತದೆ. ಬರಿಗಣ್ಣಿಗೆ ಕಾಣದ ಚೂರೂ ಸಿಕ್ಕಿಬೀಳುತ್ತದೆ.

ಮೀನಂಗಡಿಯ ಇಸೋಜಿಗೆ ನಾಲಿಗೆಯಲ್ಲಿ ಗಡ್ಡೆಯಾಗಿತ್ತು. ದ್ರಾವಣ ಬಳಸಲು ಒಪ್ಪಿಗೆ ಕೇಳೋಣವೆಂದು ಮಿತ್ಸುಯೊ ಸಾನ್ ಮತ್ತು ನಾನು ಆಸ್ಪತ್ರೆಗೆ ಹೋದೆವು.

"ಅಕ್ಕಾ, ಬಂಗುಡೆ ಬಂಗುಡೆ ಅಂತ ಕೂಗೋಷ್ಟಾದ್ರೂ ನಾಲಿಗೆ ಉಳ್ಸಿ," ಎಂದ. "ಆದ್ರೆ ಆ ದರಿದ್ರದ್ದು ಚೂರೂ ಉಳೀಬಾರ್ದು. ನಾನಿನ್ನೂ ಬದುಕ್ಬೇಕು."

ಶಸ್ತ್ರಚಿಕಿತ್ಸೆಯ ದಿನ ಹೊರಗಿನ ವೈದ್ಯರೂ ನೋಡಲು ಬಂದಿದ್ದರು. ಡಾಕ್ಟರ್ ಕುಜುಮಾಕಿ ಗಡ್ಡೆ ಕತ್ತರಿಸಿದರು. ಉಳಿದ ನಾಲಿಗೆಯ ಅಂಚಿನಿಂದ ತೆಗೆದ ಚೂರಿಗೆ ದ್ರಾವಣ ಚಿಮುಕಿಸಿ, ದೀಪ ಆರಿಸಿ ನೀಲಿ ಬೆಳಕು ಬಿಟ್ಟೆವು. ಒಂದಿಷ್ಟೂ ಹೊಳಪಿಲ್ಲ.

"ಭೇಷ್! ಅಂಚು ಶುದ್ಧ! ಹೊಲಿಗೆ ಹಾಕೋಣ್ವಾ?" ಎಂದರು ಕುಜುಮಾಕಿ. ಬಂದವರೆಲ್ಲ ತಲೆದೂಗಿದರು.

"ತಡೀರಿ ಡಾಕ್ಟ್ರೇ."

ಮಿತ್ಸುಯೊ ಸಾನ್ ಗಡ್ಡೆಯ ನಟ್ಟನಡುವಿನ ತುಂಡಿಗೂ ಚಿಮುಕಿಸಿದ್ದರು. ಅದು ಅವರ ಎಂದಿನ ಪದ್ಧತಿ. ಆ ತುಂಡೂ ಕತ್ತಲೆಯಾಗಿಯೇ ಕೂತಿತ್ತು. ಕ್ಯಾನ್ಸರೇ ತುಂಬಿದ ತುಂಡು ಅದು, ಹೊಳೆಯಲೇಬೇಕಿತ್ತು.

"ಇವರ ಗಡ್ಡೇಲಿ ಆ ಕಿಣ್ವಾನೇ ಕೆಲಸ ಮಾಡ್ತಿಲ್ಲ. ನನ್ನ ಬಣ್ಣ ಇವತ್ತು ಕುರುಡು."

"ಇಷ್ಟು ಜನರ ಮುಂದೆ ಹೀಗನ್ಬೇಕಾ?" ಕುಜುಮಾಕಿ ಪಿಸುಗುಟ್ಟಿದರು.

"ಕಳ್ಳನ ಮನೇಲೇ ದೀಪ ಹತ್ಲಿಲ್ಲ. ಪಕ್ಕದ ಮನೆ ಕತ್ತಲೆ ನಂಬ್ತೀರಾ? ಅಂಚನ್ನ ಮೈಕ್ರೋಸ್ಕೋಪಿಗೆ ಕಳ್ಸಿ."

ಅಬ್ಬಾ, ಎಂಥ ಗಟ್ಟಿಗಿತ್ತಿ! ಹೊತ್ತು ಹೆತ್ತ ಬಣ್ಣವನ್ನು ತಾವೇ ತಳ್ಳಿಹಾಕಿ, ಬಂದವರಿಗೆ ಬಾಗಿ ಕ್ಷಮೆ ಕೇಳಿದರು. ಮೈಕ್ರೋಸ್ಕೋಪಿನಡಿ ಅಂಚಿನಲ್ಲಿ ಕ್ಯಾನ್ಸರ್ ಕೂತಿತ್ತು. ಕುಜುಮಾಕಿ ಇನ್ನೊಂದು ತೆಳು ಪದರ ಕತ್ತರಿಸಿದರು. ಈ ಸಲ ಅಂಚು ನಿಜವಾಗಿಯೂ ಶುದ್ಧವಾಗಿತ್ತು.

ವಸಂತದಲ್ಲಿ ಇಸೋಜಿಯ ಅಂಗಡಿಗೆ ಹೋದೆವು. ಅವನ ಮಾತು ತುಸು ತೊದಲುತ್ತಿತ್ತು.

"ನಿಮ್ಮ ಬಣ್ಣ ಹೊಳೀಲೇ ಇಲ್ವಂತೆ ಅಕ್ಕಾ?" ಛೇಡಿಸಿದ.

"ಇಲ್ಲಪ್ಪ. ಸೋತೆ. ಇನ್ನೊಂದು ಮಾಡ್ತಿದೀನಿ."

ಆಮೇಲೆ, ಯಾರಲ್ಲೂ ಏನನ್ನೂ ಬೇಡದ ಆ ಹೆಂಗಸು ಮೆಲ್ಲಗೆ ಕೇಳಿದರು: "ಒಂದ್ಸಲ ಕೂಗ್ತೀರಾ?"

ಇಸೋಜಿ ಸೊಂಟಕ್ಕೆ ಕೈಯಿಟ್ಟು, ಬೀದಿಯೆಲ್ಲ ತಿರುಗಿ ನೋಡುವಂತೆ "ಬಂಗುಡೇ! ಬಂಗುಡೇ!" ಎಂದು ಕೂಗಿದ. ಮಿತ್ಸುಯೊ ಸಾನ್ ಕಣ್ಣು ಮುಚ್ಚಿ, ಕೂಗು ಮುಗಿಯುವವರೆಗೂ ಕೇಳಿಸಿಕೊಂಡರು.